ಎಳೆಯ ಮೂಳೆಗೆ ಏನು ಬೇಕು? ತಾಯಿಯ ಹಾಲು, ಡಿ ಹನಿ, ಆಮೇಲೆ ರಾಗಿ ಸರಿ



ಭಾನುವಾರ ಬೆಳಿಗ್ಗೆ ಊರಿನಿಂದ ಫೋನು ಬರುತ್ತದೆ. ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಅತ್ತೆಯವರ ದನಿ. "ಮಗೂಗೆ ಏಳು ತಿಂಗಳಾಯ್ತಲ್ಲಮ್ಮ, ಇನ್ನೂ ಒಂದು ಹಲ್ಲೂ ಬಂದಿಲ್ವಾ? ಫೋಟೋದಲ್ಲಿ ಕಾಲು ಬೇರೆ ಸೊಟ್ಟ ಕಾಣುತ್ತೆ. ನಿನ್ನ ಹಾಲಲ್ಲಿ ಸತ್ವ ಸಾಲ್ದು ಅಂತ ಕಾಣುತ್ತೆ. ಡಬ್ಬಿ ಹಾಲು ಶುರು ಮಾಡು, ಒಂದು ಕ್ಯಾಲ್ಸಿಯಂ ಟಾನಿಕ್ ತಂದು ಹಾಕು." ಫೋನ್ ಇಟ್ಟ ಮೇಲೆ ಥಾಣೆಯ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಮಗುವಿನ ಕಾಲನ್ನೇ ನೋಡುತ್ತಾ ಕುಳಿತ ತಾಯಿಯ ಮನಸ್ಸು ಹೇಗಿರಬೇಡ! ಹತ್ತಿರ ಹೇಳಿಕೊಳ್ಳಲು ಅಮ್ಮನಿಲ್ಲ. ಗಂಡ ಆಫೀಸಿಗೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ.

ಇಂಥ ಫೋನು ನಿಮ್ಮ ಮನೆಗೂ ಬಂದಿದ್ದರೆ ಈ ಲೇಖನ ನಿಮಗಾಗಿ. ಅತ್ತೆಯವರ ಕಾಳಜಿ ಸುಳ್ಳಲ್ಲ, ಎಳೆಯ ಮೂಳೆಗೆ ಕೊರತೆ ಆಗುವುದುಂಟು. ಆದರೆ ಆ ಕೊರತೆ ಅವರು ಬೆರಳು ತೋರಿಸಿದ ಕಡೆ ಇಲ್ಲ, ಬೇರೆ ಕಡೆ ಇದೆ. ಅದು ಎಲ್ಲಿದೆ ಎಂದು ತಿಳಿದರೆ ಸರಿಪಡಿಸುವುದು ಬಹಳ ಸುಲಭ. ಇಲ್ಲಿ ಹೇಳುತ್ತಿರುವುದು ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಕ್ಕಳ ವಿಷಯ. ತಿಂಗಳಿಗೆ ಮುಂಚೆ ಹುಟ್ಟಿದ ಅಥವಾ ತೂಕ ತೀರಾ ಕಡಿಮೆ ಇದ್ದ ಮಕ್ಕಳ ಲೆಕ್ಕವೇ ಬೇರೆ. ಅವರ ವಿಷಯದಲ್ಲಿ ನಿಮ್ಮ ಮಕ್ಕಳ ವೈದ್ಯರು ಹೇಳಿದ್ದನ್ನೇ ಪಾಲಿಸಿ.

ಮೂಳೆ ಗಟ್ಟಿಯಾಗುವ ಬಗೆ

ದೊಡ್ಡವರ ಮೈಯಲ್ಲಿ 206 ಮೂಳೆಗಳು. ಹುಟ್ಟಿದ ಮಗುವಿನಲ್ಲಿ ಸುಮಾರು 300 ತುಂಡುಗಳು. ಬೆಳೆಯುತ್ತಾ ಬೆಳೆಯುತ್ತಾ ಇವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಳೆಯ ಮಗುವಿನ ಮೂಳೆಯ ತುದಿಗಳೆಲ್ಲ ಇನ್ನೂ ಮೃದ್ವಸ್ಥಿ. ನಿಮ್ಮ ಕಿವಿಯ ಮೇಲ್ಭಾಗವನ್ನು ಮಡಿಸಿ ನೋಡಿ, ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಹಾಗಿರುತ್ತದೆ ಅದು. ಈ ಮೆತ್ತನೆಯ ತುದಿಯಲ್ಲೇ ಮೂಳೆ ಉದ್ದ ಬೆಳೆಯುವುದು. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಇದ್ದ ಮಗು ವರ್ಷ ತುಂಬುವಾಗ 75ರ ಆಸುಪಾಸು ಮುಟ್ಟುತ್ತದೆ. ಮುಂದೆ ಜೀವಮಾನದಲ್ಲಿ ಇಷ್ಟು ವೇಗದ ಬೆಳವಣಿಗೆ ಮತ್ತೆ ಇಲ್ಲ.

ನಿಮ್ಮ ಬಡಾವಣೆಯಲ್ಲಿ ಎಲ್ಲಾದರೂ ಕಟ್ಟಡ ಏಳುತ್ತಿದ್ದರೆ ನೋಡಿ. ಮೊದಲು ಕಂಬಿ ಕಟ್ಟುತ್ತಾರೆ, ಆಮೇಲೆ ಕಾಂಕ್ರೀಟು ಹಾಕುತ್ತಾರೆ. ಮೂಳೆಯೂ ಹೀಗೆಯೇ. ಕಂಬಿಯ ಜಾಗದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು, ಕಾಂಕ್ರೀಟಿನ ಜಾಗದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ. ಇನ್ನೊಂದು ಮುಖ್ಯ ಸಂಗತಿ ಇದೆ. ಸಿಮೆಂಟಿನ ಲಾರಿ ಗೇಟಿನ ಮುಂದೆ ಬಂದು ನಿಂತರೆ ಸಾಲದು, ಚೀಲ ಇಳಿಸಿ ಒಳಗೆ ಹೊರುವ ಆಳು ಬೇಕು. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಬೇಕಾದ ಆ ಆಳು ವಿಟಮಿನ್ ಡಿ. ಆಳು ಇಲ್ಲದಿದ್ದರೆ ಲಾರಿಗಳು ಎಷ್ಟು ಬಂದರೂ ಕಂಬಿ ಹಾಗೇ ನಿಂತಿರುತ್ತದೆ. ಮೂಳೆ ಉದ್ದವಾಗುತ್ತದೆ, ಗಟ್ಟಿಯಾಗುವುದಿಲ್ಲ. ಇದೇ ರಿಕೆಟ್ಸ್.

ತಾಯಿಯ ಹಾಲಿನ ಲೆಕ್ಕ

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಹುಟ್ಟಿದ ಮಗುವಿನ ಮೈಯಲ್ಲಿ ಆಗಲೇ 30 ಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಬಹುಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಬಂದದ್ದು. ಮಗು ಖಾಲಿ ಕೈಯಲ್ಲಿ ಬರುವುದಿಲ್ಲ, ಅಮ್ಮ ಕಟ್ಟಿಕೊಟ್ಟ ಬುತ್ತಿಯೊಂದಿಗೇ ಬರುತ್ತದೆ.

ಆಮೇಲೆ ಹಾಲು. ಮೊದಲ ಆರು ತಿಂಗಳು ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ. ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ಅಷ್ಟು ತಾಯಿಯ ಹಾಲಿನಲ್ಲೇ ಸಿಗುತ್ತದೆ. ಹಸುವಿನ ಹಾಲಿನಲ್ಲಿ ಇದರ ನಾಲ್ಕು ಪಟ್ಟು ಕ್ಯಾಲ್ಸಿಯಂ ಇದೆ ನಿಜ. ಹಾಗಾದರೆ ಅದೇ ವಾಸಿಯಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಆ ಹಾಲು ಕರುವಿಗಾಗಿ ಇರುವುದು. ಕರು ಹುಟ್ಟಿದ ದಿನವೇ ಎದ್ದು ನಿಲ್ಲಬೇಕು, ಕೆಲವೇ ವಾರಗಳಲ್ಲಿ ತೂಕ ದುಪ್ಪಟ್ಟಾಗಬೇಕು. ಅದಕ್ಕೆ ತಕ್ಕ ಹಾಗೆ ಅದರಲ್ಲಿ ಪ್ರೋಟೀನು, ಉಪ್ಪು, ರಂಜಕ ಎಲ್ಲವೂ ಜಾಸ್ತಿ. ನಮ್ಮ ಎಳೆಮಗುವಿನ ಮೂತ್ರಪಿಂಡಕ್ಕೆ ಇದು ಭಾರ. ಅದರಲ್ಲಿ ಕಬ್ಬಿಣಾಂಶವೂ ಕಡಿಮೆ. ತಾಯಿಯ ಹಾಲಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೂ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮೈಗೆ ಹತ್ತುತ್ತದೆ.

ತಾಯಿ ಬಡಕಲಾಗಿದ್ದಾಳೆ, ಹಾಲು ನೀರುನೀರಾಗಿದೆ, ಅದರಲ್ಲೇನು ಸತ್ವ ಎನ್ನುವವರಿಗೂ ಉತ್ತರವಿದೆ. ತಾಯಿಯ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೂ ಹಾಲಿನಲ್ಲಿ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಲ್ಲಿಂದ ಬರುತ್ತದೆ? ಅವಳ ಮೂಳೆಯಿಂದ. ಹಾಲೂಡಿಸುವ ತಿಂಗಳುಗಳಲ್ಲಿ ತಾಯಿಯ ಮೂಳೆ ಮಗುವಿಗೆ ಕೈಗಡ ಕೊಡುತ್ತದೆ. ಹಾಲು ಬಿಡಿಸಿದ ಮೇಲೆ ಮೈ ಆ ಸಾಲವನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಬಾಣಂತಿಗೆ ಹಾಲು, ಮೊಸರು, ಬೇಳೆ, ಸೊಪ್ಪು, ರಾಗಿ ಬೇಕು. ಆದರೆ ಅದು ಅವಳ ಮೈಗಾಗಿ, ಮಗುವಿನ ಹಾಲು ಕೆಟ್ಟದ್ದು ಎಂಬ ಭಯಕ್ಕಾಗಿ ಅಲ್ಲ. ಸರ್ಕಾರದ 2014ರ ಮಾರ್ಗಸೂಚಿಯಂತೆ ಬಸುರಿಗೂ ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೂ ಕ್ಯಾಲ್ಸಿಯಂ ಮಾತ್ರೆ ಕೊಡುವುದೂ ಇದಕ್ಕೇ. ಪಥ್ಯದ ಹೆಸರಿನಲ್ಲಿ ಬರೀ ಅನ್ನ, ಮೆಣಸಿನ ಸಾರಿನಲ್ಲಿ ಅವಳನ್ನು ಇಡಬೇಡಿ.

ಒಂದು ವಿಷಯ ಗಮನಿಸಿದ್ದೀರಾ? ರೇಡಿಯೊದಲ್ಲಿ ಸಾಬೂನಿನಿಂದ ಸಿಮೆಂಟಿನವರೆಗೆ ಎಲ್ಲದರ ಜಾಹೀರಾತು ಬರುತ್ತದೆ, ಹಸುಗೂಸಿನ ಡಬ್ಬಿ ಹಾಲಿನದು ಬರುವುದಿಲ್ಲ. 1992ರ ಕಾನೂನು, 2003ರ ಅದರ ತಿದ್ದುಪಡಿ ಅದನ್ನು ನಿಷೇಧಿಸಿವೆ. ಇಂಥ ಗಾಬರಿಯ ಗಳಿಗೆಯಲ್ಲಿ ತಾಯಿ ತನ್ನ ಹಾಲನ್ನು ಬಿಟ್ಟು ಡಬ್ಬಿಗೆ ಕೈ ಹಾಕಬಾರದು ಎಂಬುದೇ ಆ ಕಾನೂನಿನ ಉದ್ದೇಶ. ವೈದ್ಯಕೀಯ ಕಾರಣಕ್ಕೆ ಡಬ್ಬಿ ಹಾಲು ಬೇಕಾದ ಮಕ್ಕಳೂ ಇದ್ದಾರೆ. ಅವರ ತಾಯಂದಿರು ತಪ್ಪಿತಸ್ಥರಲ್ಲ. ಆದರೆ ಹಲ್ಲು ತಡವಾಯಿತು ಎಂಬುದು ಅಂಥ ಕಾರಣವಲ್ಲ.

ಹಾಗಾದರೆ ಕೊರತೆ ಎಲ್ಲಿ?

ತಾಯಿಯ ಹಾಲಿನಲ್ಲಿ ಎಲ್ಲ ಇದ್ದೂ ಕಡಿಮೆ ಇರುವುದು ವಿಟಮಿನ್ ಡಿ. ಮಗುವಿಗೆ ದಿನಕ್ಕೆ 400 ಯೂನಿಟ್ ಬೇಕು. ಒಂದು ಲೀಟರ್ ತಾಯಿಯ ಹಾಲಿನಲ್ಲಿ ಸಾಮಾನ್ಯವಾಗಿ 50 ಯೂನಿಟ್ಟೂ ಇರುವುದಿಲ್ಲ. ಇದು ಹಾಲಿನ ದೋಷವಲ್ಲ. ಮನುಷ್ಯನಿಗೆ ಡಿ ಬರಬೇಕಾದದ್ದು ಊಟದಿಂದಲ್ಲ, ಬಿಸಿಲಿನಿಂದ. ಬಿಸಿಲಿನಲ್ಲಿರುವ ಯುವಿ-ಬಿ ಎಂಬ ಕಿರಣ ಚರ್ಮಕ್ಕೆ ಬಿದ್ದಾಗ ಚರ್ಮವೇ ಇದನ್ನು ತಯಾರಿಸಿಕೊಳ್ಳುತ್ತದೆ.

ಬಿಸಿಲಿನ ಈ ನಾಡಿನಲ್ಲಿ ಕೊರತೆ ಹೇಗೆ? ಇದಕ್ಕೆ ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ, ಅದೂ ಮುಂಬಯಿಗೆ ಹತ್ತಿರದ ನಾಸಿಕದಲ್ಲಿ. ಹಚಿಸನ್ ಮತ್ತು ಶಾ ಎಂಬ ವೈದ್ಯರು ಅಲ್ಲಿನ ತಾಯಂದಿರು ಮತ್ತು ಮಕ್ಕಳನ್ನು ನೋಡಿ 1922ರಲ್ಲಿ ಬರೆದರು. ಅನುಕೂಲಸ್ಥರ ಮನೆಗಳಲ್ಲಿ, ಪರದೆಯೊಳಗೆ, ಕತ್ತಲ ಕೋಣೆಗಳಲ್ಲಿ ಇರುತ್ತಿದ್ದ ತಾಯಂದಿರ ಮಕ್ಕಳಲ್ಲಿ ರಿಕೆಟ್ಸ್ ಕಂಡಿತು. ಹೊಟ್ಟೆಗೆ ಅಷ್ಟಕ್ಕಷ್ಟೇ ಇದ್ದರೂ ಬಯಲಲ್ಲಿ ದುಡಿಯುತ್ತಿದ್ದ ಬಡವರ ಮಕ್ಕಳು ಅದರಿಂದ ಪಾರಾಗಿದ್ದರು. ಉಳ್ಳವರ ಮನೆಯ ಅಡುಗೆಯಲ್ಲಿ ಕೊರತೆ ಇರಲಿಲ್ಲ, ಬೆಳಕಿನಲ್ಲಿ ಇತ್ತು.

ಈಗ ನಮ್ಮ ಬಾಣಂತಿ ಕೋಣೆಯನ್ನು ನೆನಪಿಸಿಕೊಳ್ಳಿ. ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಕಟ್ಟಿ, ಗಾಳಿ ತಾಗದ ಹಾಗೆ ತಿಂಗಳುಗಟ್ಟಲೆ ಒಳಗೆ. ಊರಿನಲ್ಲಾದರೆ ಆಮೇಲೆ ಅಂಗಳವಿತ್ತು, ಹಿತ್ತಲಿತ್ತು. ನಗರದಲ್ಲಿ ಬಾಣಂತನ ಮುಗಿಸಿ ಬಂದರೂ ಸಿಗುವುದು ಎದುರುಬದುರು ಕಟ್ಟಡಗಳ ನಡುವಿನ ಫ್ಲ್ಯಾಟು. ಕಿಟಕಿಯಿಂದ ಬಿಸಿಲು ಬರುತ್ತದಲ್ಲ ಎನ್ನಬೇಡಿ, ಗಾಜು ಯುವಿ-ಬಿ ಕಿರಣವನ್ನು ತಡೆದುಬಿಡುತ್ತದೆ. ಮುಂಬಯಿಯ ಮಳೆಗಾಲದ ನಾಲ್ಕು ತಿಂಗಳು ಮೋಡ. ದಿಲ್ಲಿಯಲ್ಲಿ ಹೊಗೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೇ ದಿಲ್ಲಿಯ ಹೊಗೆ ತುಂಬಿದ ಮೋರಿ ಗೇಟ್ ಪ್ರದೇಶದ ಎಳೆಮಕ್ಕಳ ರಕ್ತದಲ್ಲಿ ಡಿ ಅಂಶ, ಆಗ ಗಾಳಿ ಇನ್ನೂ ತಿಳಿಯಾಗಿದ್ದ ಗುರಗಾಂವದ ಮಕ್ಕಳಿಗೆ ಹೋಲಿಸಿದರೆ ಅರ್ಧಕ್ಕೂ ಕಡಿಮೆ ಇತ್ತು.

ತಾಯಿಯಲ್ಲೇ ಡಿ ಕಡಿಮೆ ಇದ್ದರೆ ಮಗು ಹುಟ್ಟುವಾಗ ತರುವ ಬುತ್ತಿಯಲ್ಲೂ ಕಡಿಮೆ. ಆದ್ದರಿಂದ ಬಸುರಿನಲ್ಲೇ ನಿಮ್ಮ ವೈದ್ಯರೊಂದಿಗೆ ಈ ಮಾತು ಎತ್ತಿ.

ದಿನಕ್ಕೆ 400, ಅಷ್ಟೇ

ಬೆಳಗಿನ ಏಳು ಗಂಟೆಯ ಎಳೆಬಿಸಿಲಿಗೆ ಮಗುವನ್ನು ಹಿಡಿಯುವ ರೂಢಿ ನಮ್ಮಲ್ಲಿದೆ. ಹಿತವಾಗಿರುತ್ತದೆ ನಿಜ, ಆದರೆ ಆ ಹೊತ್ತಿನಲ್ಲಿ ಯುವಿ-ಬಿ ಕಿರಣ ಬಹಳ ಕಡಿಮೆ. ಗುರುತು ಸುಲಭ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಆ ಬಿಸಿಲಿನಿಂದ ಡಿ ಹೆಚ್ಚು ಸಿಗದು. ನೆರಳು ಗಿಡ್ಡವಾಗುವ ಹತ್ತರಿಂದ ಮೂರರ ಬಿಸಿಲಿನಲ್ಲಿ ಸಿಗುತ್ತದೆ, ಆದರೆ ಚೆನ್ನೈ, ಹೈದರಾಬಾದಿನ ಆ ಬಿಸಿಲಿಗೆ ಹಸುಗೂಸಿನ ಚರ್ಮ ತಡೆಯದು.

ಆದ್ದರಿಂದಲೇ ಭಾರತದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದು ಇದು: ಹುಟ್ಟಿದ ಮೊದಲ ದಿನಗಳಿಂದ ವರ್ಷ ತುಂಬುವವರೆಗೆ ಪ್ರತಿ ಮಗುವಿಗೂ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ. ಡಬ್ಬಿ ಹಾಲಿನಲ್ಲಿ ಡಿ ಸೇರಿಸಿರುತ್ತಾರೆ, ಆದ್ದರಿಂದ ಅದನ್ನು ಕುಡಿಯುವ ಮಗುವಿಗೆ ಎಷ್ಟು ಹನಿ ಎಂದು ವೈದ್ಯರನ್ನು ಕೇಳಿ. ದಿನ ತುಂಬಿ ಹುಟ್ಟಿ ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ಬೇರೆ ಕ್ಯಾಲ್ಸಿಯಂ ಟಾನಿಕ್ ಬೇಕಿಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ಅಂಗಡಿಯಲ್ಲಿ ಸಿಗುವ ಹನಿ ಬಾಟಲಿಗಳೆಲ್ಲ ಒಂದೇ ಶಕ್ತಿಯವಲ್ಲ. ಒಂದರಲ್ಲಿ ಒಂದು ಮಿಲಿಲೀಟರಿಗೆ 400, ಇನ್ನೊಂದರಲ್ಲಿ 800. ಕೆಲವದರಲ್ಲಿ ಒಂದೇ ಹನಿಗೆ 400. ಬಾಟಲಿ ಬದಲಾದಾಗ ಮೇಲಿನ ಚೀಟಿಯಲ್ಲಿ ಐ.ಯು. ಎಂದು ಬರೆದಿರುವ ಅಂಕಿಯನ್ನು ನೋಡಿ, ಅದರೊಂದಿಗೆ ಬಂದ ಡ್ರಾಪರನ್ನೇ ಬಳಸಿ. ದೊಡ್ಡವರು ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್ಟಿನ ಪೊಟ್ಟಣವನ್ನು ಮಗುವಿಗೆ ನೀವಾಗಿ ಎಂದೂ ಕೊಡಬೇಡಿ. ಅದು 150 ದಿನದ ಪ್ರಮಾಣ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಶುರುವಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಒಂದು ದಿನ ಮರೆತರೆ ಮರುದಿನ ಎರಡು ಪಟ್ಟು ಹಾಕುವುದೂ ಬೇಡ.

ಆರು ತಿಂಗಳು ತುಂಬಿದ ಮೇಲೆ

ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ನೀರೂ ಬೇಡ, ಗ್ರೈಪ್ ವಾಟರೂ ಬೇಡ. ಮೂಳೆ ಗಟ್ಟಿಯಾಗಲಿ ಎಂದು ಮೂರನೇ ತಿಂಗಳಿಗೇ ಸರಿ ತಿನ್ನಿಸಿದರೆ ಪುಟ್ಟ ಹೊಟ್ಟೆ ಅದರಿಂದ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಲಾಭಕ್ಕೆ ಹೋಗಿ ನಷ್ಟ. ಆರು ತಿಂಗಳು ತುಂಬಿದ ಮೇಲೆ ತಡಮಾಡುವುದೂ ಅಷ್ಟೇ ತಪ್ಪು. ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು ಆ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ.

ಇಲ್ಲಿ ಅಜ್ಜಿಯ ಮಾತಿಗೆ ಪೂರ್ತಿ ಅಂಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. ನಿಮ್ಮೂರಿನ ಅಂಗಡಿಯಲ್ಲಿ ರಾಗಿ ಎಂದರೆ ತಿಳಿಯದಿದ್ದರೆ ಮುಂಬಯಿ, ಪುಣೆಯಲ್ಲಿ ನಾಚಣಿ ಎನ್ನಿ, ಚೆನ್ನೈಯಲ್ಲಿ ಕೇಳ್ವರಗು, ಹೈದರಾಬಾದಿನಲ್ಲಿ ರಾಗುಲು, ದಿಲ್ಲಿಯಲ್ಲಿ ಮಂಡುವಾ.

ಅಜ್ಜಿ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸುತ್ತಿದ್ದಳಲ್ಲ, ಅದು ಸುಮ್ಮನೆ ಅಲ್ಲ. ರಾಗಿಯಲ್ಲಿ ಫೈಟೇಟ್ ಎಂಬ ಅಂಶವಿದೆ. ಅದು ಕ್ಯಾಲ್ಸಿಯಂ, ಕಬ್ಬಿಣಾಂಶಗಳನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಮೊಳಕೆ ಬಂದಾಗ ಅದು ಕಡಿಮೆಯಾಗುತ್ತದೆ. ಜೊತೆಗೆ ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟಂಟಾಗದೆ ನಯವಾಗುತ್ತದೆ. ಹಾಗಾಗಿ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಾಕಬಹುದು, ಪುಟ್ಟ ಹೊಟ್ಟೆಗೆ ಹೆಚ್ಚು ಕಸುವು ಹೋಗುತ್ತದೆ.

ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಚೆನ್ನಾಗಿ ಬೇಯಿಸಿ, ಕಾಲು ಚಮಚ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಮೊದಲು ಎರಡು ಮೂರು ಚಮಚ ಸಾಕು. ಏಳೆಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವಂತೂ ಬೇಡವೇ ಬೇಡ, ಅದರಲ್ಲಿರಬಹುದಾದ ಒಂದು ರೋಗಾಣುವಿನಿಂದ ಎಳೆಮಗುವಿನ ಪ್ರಾಣಕ್ಕೇ ಅಪಾಯವಾಗಬಲ್ಲದು.

ರಾಗಿಯೊಂದರಿಂದಲೇ ಎಲ್ಲ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಎರಡು ಚಮಚ ಹಿಟ್ಟಿನಿಂದ ಸಿಗುವುದು 60-70 ಮಿಲಿಗ್ರಾಂ ಕ್ಯಾಲ್ಸಿಯಂ. ಅದರಲ್ಲಿ ವಿಟಮಿನ್ ಡಿ ಇಲ್ಲ. ಆದ್ದರಿಂದ ತಾಯಿಯ ಹಾಲು ಮುಂದುವರಿಯಲಿ, ಹನಿ ನಿಲ್ಲದಿರಲಿ. ಮೂಳೆಯ ಕಂಬಿ ಪ್ರೋಟೀನಿನದು ಎಂದೆವಲ್ಲ, ಅದಕ್ಕೆ ನುಣ್ಣಗೆ ಬೆಂದ ಹೆಸರುಬೇಳೆ, ಮೊಸರು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು ಬರಲಿ. ಕುಡಿಯುವ ಹಾಲಾಗಿ ಹಸುವಿನ ಹಾಲು ವರ್ಷ ತುಂಬಿದ ಮೇಲೆ.

ಹಲ್ಲು, ನೆತ್ತಿ, ಸೊಟ್ಟ ಕಾಲು

ಈಗ ಫೋನಿನ ಪ್ರಶ್ನೆಗೆ ಬರೋಣ. ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು ಬರುತ್ತದೆ. ವರ್ಷ ತುಂಬುವಾಗ ಬಂದರೂ ಸಹಜವೇ. ಅನೇಕ ಮನೆಗಳಲ್ಲಿ ಅದು ವಂಶದಿಂದ ಬಂದ ರೂಢಿ. ಅಪ್ಪನಿಗೆ ಯಾವಾಗ ಹಲ್ಲು ಬಂತು ಎಂದು ಅತ್ತೆಯವರನ್ನೇ ಕೇಳಿ ನೋಡಿ.

ಹೊಟ್ಟೆಯೊಳಗೆ ಮಡಿಸಿಕೊಂಡು ಮಲಗಿದ್ದ ಮಗುವಿನ ಕಾಲು ಕಮಾನಿನಂತೆ ಇರುವುದು ಸಹಜ. ಎರಡು ವರ್ಷದ ಹೊತ್ತಿಗೆ ನೇರವಾಗುತ್ತದೆ, ಮೂರು ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಣುತ್ತವೆ, ಏಳರ ಹೊತ್ತಿಗೆ ತಾನೇ ಸರಿಹೋಗುತ್ತದೆ. ಎಣ್ಣೆ ಹಚ್ಚಿ ನೀರು ಹಾಕುವಾಗ ಕಾಲನ್ನು ಎಳೆದು ನೀವಿ ನೆಟ್ಟಗೆ ಮಾಡಬೇಕಿಲ್ಲ. ಮೆಲ್ಲಗೆ ಹಚ್ಚಿದರೆ ಸಾಕು. ಎರಡೂ ಕಾಲು ನೆಟ್ಟಗೆ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತಬೇಡಿ, ಸೊಂಟದ ಕೀಲಿಗೆ ತೊಂದರೆ. ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ರೀತಿ ಆ ಕೀಲಿಗೆ ಬಹಳ ಒಳ್ಳೆಯದು.

ನೆತ್ತಿಯ ಮೆತ್ತನೆಯ ಜಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ, ಕೆಲವರಲ್ಲಿ ಎರಡರ ಹೊತ್ತಿಗೆ ಮುಚ್ಚುತ್ತದೆ. ಹರಳೆಣ್ಣೆ ಒತ್ತಿದರೂ ಒತ್ತದಿದ್ದರೂ ಅದು ತನ್ನ ಹೊತ್ತಿಗೇ ಮುಚ್ಚುವುದು. ಮಗುವಿಗೆ ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಚಾಪೆಯ ಮೇಲೆ ಬೋರಲು ಮಲಗಿಸಿ, ತೆವಳಲು, ಹಿಡಿದು ನಿಲ್ಲಲು ಬಿಡಿ. ಮೈಗೆ ಕೆಲಸ ಬಿದ್ದಷ್ಟೂ ಮೂಳೆ ಬಲವಾಗುತ್ತದೆ. ವಾಕರಿನಿಂದ ಮಗು ಬೇಗ ನಡೆಯುವುದಿಲ್ಲ, ಬೀಳುವ ಅಪಾಯವೇ ಹೆಚ್ಚು. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಇವು ಕಂಡರೆ ಕಾಯಬೇಡಿ

ಮಣಿಕಟ್ಟು ಅಥವಾ ಹರಡು ದಪ್ಪಗಾಗಿರುವುದು, ಎದೆಯ ಎರಡೂ ಬದಿ ಪಕ್ಕೆಲುಬಿನ ತುದಿಗಳಲ್ಲಿ ಮಣಿ ಪೋಣಿಸಿದಂತೆ ಗಂಟುಗಳು, ನಡೆಯಲು ಶುರುವಾದ ಮೇಲೆ ಕಾಲಿನ ಬಾಗು ಹೆಚ್ಚುತ್ತಾ ಹೋಗುವುದು ಅಥವಾ ಒಂದೇ ಕಾಲು ಬಾಗಿರುವುದು, ಒಂಬತ್ತು ತಿಂಗಳಾದರೂ ಕೂರದಿರುವುದು, ಒಂದೂವರೆ ವರ್ಷವಾದರೂ ನಡೆಯದಿರುವುದು. ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಿ. ಒಂದು ರಕ್ತಪರೀಕ್ಷೆ, ಒಂದು ಎಕ್ಸ್‌ರೇ ಸಾಕು, ವಿಷಯ ತಿಳಿಯುತ್ತದೆ. ಡಿ ಕೊರತೆಯ ರಿಕೆಟ್ಸ್ ಬೇಗ ಗೊತ್ತಾದರೆ ಔಷಧಿಯಿಂದಲೇ ವಾಸಿಯಾಗುತ್ತದೆ. ಎಳೆಮಗುವಿಗೆ ಫಿಟ್ಸ್ ಬಂದರೆ ಅದನ್ನು ಬಾಲಗ್ರಹ ಎಂದು ತಾಯತ ಕಟ್ಟಿ ಕೂರಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೂ ಹಾಗಾಗುತ್ತದೆ. ತಕ್ಷಣ ಆಸ್ಪತ್ರೆಗೆ ಓಡಿ.

ಮುಂದಿನ ಭಾನುವಾರ ಊರಿನಿಂದ ಫೋನು ಬಂದಾಗ ಜಗಳ ಬೇಡ. "ಅತ್ತೆ, ಹಾಲು ಸಾಕಾಗ್ತಿದೆ, ತೂಕ ಸರಿಯಾಗಿ ಏರ್ತಿದೆ. ಡಿ ಹನಿ ದಿನಾ ಹಾಕ್ತಿದೀನಿ. ನೀವು ಒಂದು ಕೆಲಸ ಮಾಡಿ, ಮೊಳಕೆ ರಾಗಿ ಹಿಟ್ಟು ಮಾಡಿ ಬಸ್ಸಲ್ಲಿ ಬರೋರ ಕೈಲಿ ಕಳಿಸಿ" ಎನ್ನಿ. ಅವರಿಗೂ ಸಂತೋಷ, ಮಗುವಿನ ಮೂಳೆಗೂ ಬಲ.